ಹನ್ನೊಂದನೇ ಪ್ರಶ್ನೆ

ನೆಯ್ರಾ ಶಾಲೆಯಿಂದ ಹಸಿರು ಹಾಳೆಯೊಂದನ್ನು ತಂದಿದ್ದಾಳೆ.
ಹನ್ನೆರಡು ಪ್ರಶ್ನೆ, ಒಂದೊಂದರ ಮುಂದೂ ಖಾಲಿ ಚೌಕ,
ಮೂಲೆಯಲ್ಲಿ ನಗುವ ಭೂಮಿ, ನೆತ್ತಿಗೆ ಎರಡು ಎಲೆ.
ಮನೆಯವರನ್ನೆಲ್ಲ ಕೇಳಿ ತುಂಬಬೇಕಂತೆ.

ಮೇಜಿನ ಆ ತುದಿಯಲ್ಲಿ ನನ್ನಮ್ಮ ಶೆಫಿಕಾ
ಕೆಂಪು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.
ಪೆನ್ಸಿಲು ಮೊದಲು ಅವಳತ್ತ ತಿರುಗಿತು.

ಪ್ಲಾಸ್ಟಿಕ್ ಚೀಲ ಮತ್ತೆ ಬಳಸುತ್ತೀರಾ?
ಅಮ್ಮ ಗಲ್ಲದಿಂದಲೇ ತೋರಿಸಿದಳು:
ಬಾಲ್ಕನಿಯ ಹಗ್ಗದಲ್ಲಿ ತೊಳೆದ ಚೀಲಗಳು ಜೋತು ಒಣಗುತ್ತಿವೆ.
ಒಂದರ ಮೇಲೆ ಹೆಸರಿರುವ ಅಂಗಡಿ ಮುಚ್ಚಿ ಒಂಬತ್ತು ವರ್ಷ.

ಉಳಿದ ಬ್ರೆಡ್ಡು?
ಬಿಸಿನೀರು, ಚಮಚ ಬೆಣ್ಣೆ, ಚೂರು ಚೀಸು,
ಕಲ್ಲಾದ ಬ್ರೆಡ್ಡೂ ಬೆಳಿಗ್ಗೆ ಪೊಪಾರಾ ಆಗಿ ಎದ್ದು ಬರುತ್ತದೆ.
ಕಾಫಿಯ ಚರಟ? ಜೆರೇನಿಯಂ ಕುಂಡಕ್ಕೆ.
ಮೊಸರಿನ ಡಬ್ಬಿ? ಈರುಳ್ಳಿ ಸಸಿಗೆ.

ಹೊರಡುವಾಗ ದೀಪ ಆರಿಸುತ್ತೀರಾ?
'ಲೋಟದಲ್ಲಿ ನೀರು, ಮೇಲೆ ಎರಡು ಬೆರಳು ಎಣ್ಣೆ,
ಬೆಂಡಿನ ಚೂರಿಗೆ ಪೋಣಿಸಿದ ಶೂ ದಾರ.
ಹಚ್ಚುವ ಮೊದಲೇ ಆರಿಸುವುದನ್ನು ಯೋಚಿಸುತ್ತಿದ್ದೆವು.'
ನೆಯ್ರಾ ಅದನ್ನು ಬರೆಯಲಿಲ್ಲ.
ಚೌಕದಲ್ಲಿ ಅಷ್ಟು ಜಾಗವಿಲ್ಲ.

'ಅಜ್ಜೀ, ನಿನಗೆ ಭೂಮಿ ಮೇಲೆ ಯಾವಾಗಿಂದ ಇಷ್ಟು ಪ್ರೀತಿ?'

ಅಮ್ಮನ ಬೆರಳು ನಿಂತಿತು.
'ಸರಯೇವೊ ಸುತ್ತ ಬೆಟ್ಟ ಇದೆಯಲ್ಲ, ಮಗೂ,
ಅಲ್ಲಿಂದ ಗುಂಡು ಬರುತ್ತಿತ್ತು. ಪ್ರೀತಿಗೆ ಪುರುಸೊತ್ತಿರಲಿಲ್ಲ.
ಆ ಚಳಿಗಾಲ ನಮ್ಮ ಬೀದಿಯ ಲಿಂಡನ್ ಮರಗಳನ್ನೆಲ್ಲ
ಕಡಿದು ಒಲೆಗಿಟ್ಟೆವು.
ಗರಗಸದ ಒಂದು ತುದಿ ನನ್ನ ಕೈಲಿತ್ತು.
ಅದನ್ನೂ ಬರೆದುಕೋ.'

'ಅದಕ್ಕೆ ಚೌಕ ಇಲ್ಲ, ಅಜ್ಜೀ.'

ಆಮೇಲೆ ಹನ್ನೊಂದನೆಯದು.
ಹಲ್ಲುಜ್ಜುವಾಗ, ಪಾತ್ರೆ ಬೆಳಗುವಾಗ ನಲ್ಲಿ ನಿಲ್ಲಿಸುತ್ತೀರಾ?
ಓದಿ ಮುಗಿಸುವ ಮೊದಲೇ ನನ್ನ ಕಡೆ ನೋಡಿದಳು.
'ಅಮ್ಮಾ, ನೀನು ನಿಲ್ಲಿಸಲ್ಲ.'
ನನ್ನ ಬೆನ್ನ ಹಿಂದೆ ಸಿಂಕಿನಲ್ಲಿ ಆಗಲೂ ನೀರು ಸುರಿಯುತ್ತಿತ್ತು,
ಒಂದೇ ಒಂದು ಲೋಟದ ಮೇಲೆ.

ದುಡ್ಡನ್ನು ನೀರಿನ ಹಾಗೆ ಚೆಲ್ಲಬೇಡ ಎನ್ನುತ್ತಾರೆ.
ನಮ್ಮ ಮನೆಯಲ್ಲಿ ನೀರನ್ನು ದುಡ್ಡಿನ ಹಾಗೆ ಎಣಿಸುತ್ತಿದ್ದರು.
ನನಗೆ ಎಂಟು ವರ್ಷ. ಬಿಯರ್ ಕಾರ್ಖಾನೆಯ ಊಟೆಗೆ ಸಾಲು,
ಅಣ್ಣ ಎಳೆಯುವ ಹಿಮಬಂಡಿ, ನಾಲ್ಕು ಕ್ಯಾನು,
ಎರಡು ಕೂಡುರಸ್ತೆ ಬಾಗಿಕೊಂಡು ಓಟ, ಐದು ಮಹಡಿ ಮೆಟ್ಟಿಲು.
ಹೊತ್ತು ತಂದ ನೀರಿಗೆ ಐದು ಜನ್ಮ:
ಸೊಪ್ಪು ತೊಳೆದದ್ದು ತಲೆಗೆ, ತಲೆಯದ್ದು ಕಾಲುಚೀಲಕ್ಕೆ,
ಕಾಲುಚೀಲದ್ದು ನೆಲಕ್ಕೆ,
ನೆಲದ್ದು ಕಕ್ಕಸಿಗೆ. ಅಲ್ಲಿಗೆ ಮುಕ್ತಿ.

ಒಂದು ಸಂಜೆ ಗೋಡೆಯೊಳಗೆ ಕೊಳವೆ ಕೆಮ್ಮಿತು.
ತುಕ್ಕು ಉಗುಳಿತು, ಗಾಳಿ ಉಗುಳಿತು,
ಆಮೇಲೆ ಬಿಳಿ ದಾರದಂತೆ ಬಂತು.
ಮಹಡಿ ಮಹಡಿಯಲ್ಲೂ ಬಾಗಿಲು ತೆರೆದುಕೊಂಡು
ಜನ ಮೆಟ್ಟಿಲ ಮೇಲೆ ಸುಮ್ಮನೆ ನಿಂತು ಕೇಳಿದರು.
ಅಮ್ಮ, ಹನಿ ಚೆಲ್ಲಿದರೆ ಕಿವಿ ಹಿಂಡುತ್ತಿದ್ದ ನನ್ನಮ್ಮ,
ಅವತ್ತು ನಲ್ಲಿ ನಿಲ್ಲಿಸುವುದನ್ನೇ ಮರೆತಳು.

ಇಷ್ಟನ್ನು ಮಗಳಿಗೆ ಹೇಳಿದೆನೋ, ಇಲ್ಲವೋ.
'ಇಲ್ಲ ಅಂತ ಹಾಕು' ಅಂದೆನೆಂದು ನೆನಪು.
ಸದ್ದು ನಿಂತರೆ ನನಗೆ ಕೂಡುರಸ್ತೆ ಕೇಳಿಸುತ್ತದೆ
ಎಂದು ಯಾವ ಟೀಚರಿಗೆ ಬರೆದು ಕಳಿಸಲಿ?

ಅಮ್ಮ ಎದ್ದಳು. ಮಂಡಿ ನೆಟಿಕೆ ಮುರಿಯಿತು.
ನಲ್ಲಿಗೆ ಕೈ ಹಾಕುತ್ತಾಳೆಂದುಕೊಂಡೆ;
ಸಿಂಕಿನಿಂದ ಲೋಟ ಎತ್ತಿಟ್ಟು
ಕೆಳಗೊಂದು ಬೋಗುಣಿ ಇಟ್ಟಳು.
'ಕೇಳುವಷ್ಟು ಕೇಳು.
ತುಂಬಿದ ಮೇಲೆ ಮೆಣಸಿನಕಾಯಿ ತೊಳೆಯಬೇಕು.'

ತಳಕ್ಕೆ ಬಿದ್ದಾಗ ತಗಡಿನ ಸದ್ದು,
ಆಮೇಲೆ ದಪ್ಪಗೆ, ಆಮೇಲೆ ಮೆತ್ತಗೆ.
ನೆಯ್ರಾ ಪೆನ್ಸಿಲು ಕಚ್ಚಿಕೊಂಡು ಬೋಗುಣಿಯನ್ನೇ ನೋಡುತ್ತಿದ್ದಳು.
ನೀರು ಅಂಚಿಗೆ ಬಂದು ಉಬ್ಬಿ ನಿಂತ ಕ್ಷಣ
ನನ್ನ ಕೈ, ನಾನು ಹೇಳದೆಯೇ, ನಲ್ಲಿಗೆ ಹೋಯಿತು.