ಮೊದಲ ಸಲ ಕರೆಯುವವನಿಗೆ

ಕುರ್ಚಿ ಎಣಿಸಬೇಡ, ಉರ್ಮಾಸ್.
ಹನ್ನೊಂದು ಮಂದಿಗೆ ಏಳು ಸಾಕು;
ಕೂರಲು ಜಾಗ ಸಿಗದವರೇ ಅಲ್ಲವೆ
ಅಡುಗೆಮನೆಗೆ ಬಂದು
ತಟ್ಟೆ ಒರೆಸುತ್ತ ಗುಟ್ಟು ಬಿಚ್ಚುವವರು.

ಆಲೂಗಡ್ಡೆ ಸಾಲಡ್ ನಿನ್ನೆಯೇ ಮಾಡಿಡಬೇಕಿತ್ತು.
ಹೋಗಲಿ. ಸಬ್ಬಸಿಗೆ ಧಾರಾಳ ಉದುರಿಸು,
ಯಾರಿಗೂ ತಿಳಿಯದು.
ಹೆರಿಂಗ್ ಮೀನು ನನ್ನ ಫ್ರಿಜ್ಜಿನಲ್ಲಿದೆ, ಕೆಳಗಿಳಿದು ಬಂದು ಒಯ್ಯಿ.
ಚಾಕು ಮಾತ್ರ ವಾಪಸು ಬೇಕು.

ಹೂ ತರುತ್ತಾರೆ, ಬೆಸ ಲೆಕ್ಕದಲ್ಲೇ.
ಹೂದಾನಿ ಅವಳು ಒಯ್ದಳೆಂದು ಹೇಳಬೇಡ;
ಉಪ್ಪಿನಕಾಯಿ ಜಾಡಿ ತೊಳೆದಿಡು.

ಏಳಕ್ಕೆ ಅಂದರೆ ಏಳಕ್ಕೇ ಒಬ್ಬ ಬರುತ್ತಾನೆ,
ಟ್ರಾಮ್ ಡಿಪೋದ ಆ ಮೌನಿ, ಹೆಸರೇನು, ಕಾಲ್ಯು.
ಸುಮ್ಮನೆ ಕೂರಿಸಬೇಡ,
ಕೈಗೊಂದು ಈರುಳ್ಳಿ ಕೊಡು.
ಕಣ್ಣೀರಿಗೆ ನೆಪ ಸಿಕ್ಕರೆ
ಗಂಡಸರು ಮಾತಾಡುತ್ತಾರೆ.

ನಡುವೆ ಮಾತು ನಿಂತೀತು. ನಿಲ್ಲಲಿ.
ಒಲೆ ನೋಡುವ ನೆವದಲ್ಲಿ ಎದ್ದು ಓಡಬೇಡ.
ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡು
ಅಪ್ಪನ ತೂತು ದೋಣಿಯ ಸುದ್ದಿ ತೆಗೆಯುತ್ತಾರೆ.

ಕೋಟುಗಳು ಮಂಚದ ಮೇಲೆ.
ಹೌದು, ಆ ಮಂಚದ ಮೇಲೆಯೇ.
ಎರಡು ಚಳಿಗಾಲದಿಂದ ಅದರ ಒಂದೇ ಮಗ್ಗುಲು
ಕಿರುಗುಡುತ್ತದೆ,
ನನ್ನ ಸೂರಿಗೆ ಗೊತ್ತು.
ಇವತ್ತು ಇಡೀ ಮಂಚ ಹಿಮ ಮೆತ್ತಿದ ಉಣ್ಣೆ ಹೊತ್ತು
ನರಳಲಿ.

ನನ್ನನ್ನು ನೀನು ಕರೆದಿಲ್ಲ.
‘ಸ್ವಲ್ಪ ಗದ್ದಲವಾದೀತು, ಲೈಡಾ ಅಮ್ಮ, ಕ್ಷಮಿಸಿ’
ಎನ್ನಲು ಬಂದೆ, ಅಷ್ಟೆ.
ಸರಿ.
ಹತ್ತಾದ ಮೇಲೂ ಗದ್ದಲ ಕೇಳದಿದ್ದರೆ
ಪೊರಕೆ ಹಿಡಿಯಿಂದ
ಸೂರು ಬಡಿಯುತ್ತೇನೆ.