ಮೂವತ್ತೊಂದನೆಯ ಗೆರೆ

ಹೂವು ಬೇಕಾದರೆ ಕೆಳಗಿನ ಬೀದಿಯ ಕೈನ್ವೆನ್ ಮನೆಗೆ ಹೋಗಿ,
ಅವಳ ಹತ್ತಿರ ತಟ್ಟೆಗಳಿವೆ, ಬಟ್ಟಲುಗಳಿವೆ,
ಅಂಚಿಗೆ ಸೀಮೆಸುಣ್ಣ ಸುತ್ತಿಸಿದರೆ
ಬಸವನಹುಳು, ಹೃದಯ, ಗುಲಾಬಿ, ಏನು ಬೇಕೋ ಅದು.
ನಮ್ಮಲ್ಲಿ ಗೆರೆ ಮಾತ್ರ—
ಗಿರಾಕಿಗಳಿಗೆ ಇಷ್ಟು ಹೇಳಲು ಎಸ್ತರ್ ಅತ್ತೆ
ಬಾಯೊಳಗಿನ ಗುಂಡುಸೂಜಿಗಳನ್ನೂ ತೆಗೆಯುತ್ತಿರಲಿಲ್ಲ.

ನನಗೆ ಆಗ ಒಂಬತ್ತು. ಕೆಲಸ ಎರಡೇ:
ಏಳು ಹೆಂಗಸರ ಏಳು ಸೂಜಿಗೆ ದಾರ ಪೋಣಿಸುವುದು,
ಹುರಿಗೆ ಸುಣ್ಣ ಬಳಿದು ಎಳೆದು ಹಿಡಿಯುವುದು.
ಚೌಕಟ್ಟಿನ ಆ ತುದಿಗೆ ನಾನು, ಈ ತುದಿಗೆ ಅತ್ತೆ.
ಬಿಗಿದ ಹುರಿಯನ್ನು ಎರಡು ಬೆರಳಲ್ಲಿ ಎತ್ತಿ
ಬಿಡುತ್ತಿದ್ದಳು: ಟಪ್.
ಕೆಂಪು ಫ್ಲಾನೆಲ್ಲಿನ ಮೇಲೆ ಬೆಳ್ಳಗೊಂದು ದಾರಿ.
ಒಂದಿಂಚು ಬಿಟ್ಟು ಮತ್ತೆ ಟಪ್.
ಪುಡಿ ಮೂಗಿಗೇರಿ ಸೀನಿದೆನೋ, ತಲೆಗೊಂದು ಮೊಟಕು.

"ಸುಲಭ ಅಂದುಕೊಂಡೆಯಾ?
ಹೂವಿನಲ್ಲಿ ತಪ್ಪಿದರೆ ಇನ್ನೊಂದು ಎಲೆ ಆಗುತ್ತೆ.
ಗೆರೆಯಲ್ಲಿ ತಪ್ಪಿದರೆ ತಪ್ಪೇ ಆಗುತ್ತೆ.
ಸುಣ್ಣ ದಾರಿ ತೋರಿಸುತ್ತೆ ಅಷ್ಟೆ, ಕೊಡವಿದರೆ ಹೋಯ್ತು.
ಉಳಿಯೋದು ದಾರ."

ಚಾಪೆಲಿನ ಹಿಂದಿನ ಕೋಣೆ. ವೇಲ್ಸಿನ ಮಳೆ.
ಮುಳ್ಳುಬೇಲಿಗೆ ಸಿಕ್ಕಿಕೊಂಡ ಕುರಿಯುಣ್ಣೆಯನ್ನೇ ಆಯ್ದು,
ತೊಳೆದು, ಹಿಂಜಿ, ಕೌದಿಯೊಳಗೆ ತುಂಬುತ್ತಿದ್ದೆವು;
ತೇವದ ದಿನ ಇಡೀ ಮಂದೆಯೇ ಒಳಗೆ ಬಂದಂತೆ ವಾಸನೆ.

ನಿನ್ನೆ ಆ ಕೌದಿಯನ್ನು ಮತ್ತೆ ನೋಡಿದೆ.
ಗಣಿ ಮುಚ್ಚಿ ಎಷ್ಟೋ ವರ್ಷ, ಅದರ ಯಂತ್ರದ ಮನೆ ಈಗ ಮ್ಯೂಸಿಯಂ.
ಗಾಜಿನ ಹಿಂದೆ, ಮಂದ ಬೆಳಕಿನಲ್ಲಿ,
ಅರವತ್ತು ಗೆರೆ, ಕೆಂಪು ಮಾಸಿ ಇಟ್ಟಿಗೆಯ ಬಣ್ಣ.
ವಿವರಿಸುವ ಹುಡುಗಿಗೆ ಇಪ್ಪತ್ತು ಇರಬಹುದು.
"ಇಲ್ಲಿ ನೋಡಿ, ಈ ಒಂದು ಸಾಲು ಮಾತ್ರ ಸೊಟ್ಟಗಿದೆ.
ಗಣಿ ಕುಸಿದ ದಿನ ಸೈರನ್ ಕೂಗಿದಾಗ
ಆ ತಾಯಂದಿರ ಕೈ ನಡುಗಿದ ಗುರುತು ಇದು."
ಬಂದವರೆಲ್ಲ ಟೊಪ್ಪಿಗೆ ತೆಗೆದರು.

ಅಲ್ಲ ಮಗಳೇ.
ಸೈರನ್ ಕೂಗಿದ ವಾರ
ಹತ್ತೊಂಬತ್ತರಿಂದ ಇಪ್ಪತ್ತಾರರವರೆಗಿನ ಗೆರೆಗಳು.
ಅಳತೆಪಟ್ಟಿ ಇಟ್ಟು ನೋಡು, ಕೂದಲೆಳೆ ವಾಲಿಲ್ಲ.
ನಾಲ್ಕು ದಿನ ಅಗೆದರು. ಕೋಣೆಯಲ್ಲಿ ಉಸಿರೂ ಕೇಳಿಸದು.
ಹಾನಾ ಪ್ಯಾರಿಯ ಗಂಡ ಕೆಳಗಿದ್ದ;
ಅವಳು ಸೂಜಿ ಇಳಿಸಿ, ಎತ್ತಿ, ಇಳಿಸಿ,
ದಾರ ಮುಗಿದರೆ ನನ್ನತ್ತ ಕೈ ಚಾಚುತ್ತಿದ್ದಳು, ಮುಖ ಎತ್ತದೆ.
ಹಿಡಿದುಕೊಳ್ಳಲು ನೆಟ್ಟಗಿದ್ದದ್ದು ಅದೊಂದೇ.
ನಾಲ್ಕನೆಯ ದಿನ ಅವನನ್ನು ಹೊತ್ತು ತಂದರು.
ಹತ್ತನೆಯ ದಿನ ಅವಳು ತಿರುಗಿ ಬಂದು ಕೂತಳು.

ಮೂವತ್ತೊಂದು ಬೇರೆ.
ಪಾದ್ರಿ ಇಲಾಯಸ್ ಪ್ಯೂ ಸಾಂತ್ವನ ಹೇಳಲು ಬಂದರು,
ಕಣ್ಣು ಮುಚ್ಚಿ ದೀರ್ಘ ಪ್ರಾರ್ಥನೆ ಮಾಡಿದರು,
ಕಣ್ಣು ಮುಚ್ಚಿಯೇ ಹಿಂದಕ್ಕೆ ಸರಿದು
ಹಿಂಜಿದ ಉಣ್ಣೆಯ ಬುಟ್ಟಿಯಲ್ಲಿ ಕೂತರು.
ಎದ್ದರು. ಆಮೆನ್ ಎಂದರು. ಗಂಭೀರವಾಗಿ ಹೊರಟರು,
ಕಪ್ಪು ಕೋಟಿನ ಹಿಂಭಾಗದಲ್ಲಿ
ದುಂಡಗೆ, ಬೆಳ್ಳಗೆ, ಒಂದು ಕುರಿಬಾಲ.

ಯಾರೂ ಉಸಿರೆತ್ತಲಿಲ್ಲ.
ಮೊದಲು ನಕ್ಕವಳು ಹಾನಾ.
ಮೊದಲು ಬಿಕ್ಕಳಿಕೆಯಂತೆ, ಆಮೇಲೆ ತಡೆಯಲಾರದೆ,
ಚೌಕಟ್ಟಿಗೆ ಹಣೆಯಿಟ್ಟು, ಭುಜ ಕುಣಿಸುತ್ತ;
ಚೌಕಟ್ಟು ಅಲುಗಿ ಏಳೂ ಸೂಜಿಗಳು
ಸುಣ್ಣದ ದಾರಿ ಬಿಟ್ಟು ಹೊಲಕ್ಕಿಳಿದವು.

ಅರ್ಧ ಹೊಲಿಗೆ ವಾಲಿದರೂ ಬಿಚ್ಚಿಸುತ್ತಿದ್ದ ಅತ್ತೆ
ಬಗ್ಗಿ ನೋಡಿದಳು. ಬೆರಳಿಂದ ಆ ಸೊಟ್ಟವನ್ನು ಸವರಿದಳು.
ದಾರವನ್ನು ಹಲ್ಲಿನಲ್ಲಿ ಕಡಿದು,
"ಮುಂದಿನದು" ಎಂದಳು.
ಟಪ್.

ಇದನ್ನೆಲ್ಲ ಹೇಳಬೇಕು ಎಂದು ಊರುಗೋಲು ಕುಟ್ಟಿದೆ.
ಹುಡುಗಿ ತಿರುಗಿದಳು, ಕಣ್ಣಂಚು ಒದ್ದೆ.
"ಏನಜ್ಜಿ?"
"ಏನಿಲ್ಲಮ್ಮ.
ಕೌದಿಯನ್ನು ತಲೆಕೆಳಗಾಗಿ ತೂಗುಹಾಕಿದ್ದೀರಿ."