ಚಕ್ಕುಬಂದಿ

ಕೌಂಟಿ ಕಚೇರಿಯಲ್ಲಿ ಹದಿನಾಲ್ಕು ವರ್ಷ
ಚರಂಡಿಗಳ ನಕ್ಷೆ ಬರೆದೆ.
ಯಾವ ಮೋರಿ ಯಾವ ಜೋಳದ ಹೊಲದಡಿ ಹಾದು
ಎಲ್ಲಿ ಬಾಯಿ ಬಿಡುತ್ತದೆ,
ಯಾರ ಬೇಲಿ ಯಾರ ಜಾಗಕ್ಕೆ
ಒಂದೂವರೆ ಅಡಿ ಕಾಲು ಚಾಚಿದೆ,
ಎಲ್ಲ ನನಗೆ ಬಾಯಿಪಾಠ.
ಆಮೇಲೆ ಬಜೆಟ್ಟು ಕತ್ತರಿಸಿದರು.
ಚರಂಡಿಗಳು ಉಳಿದವು, ನಾನು ಉಳಿಯಲಿಲ್ಲ.

ಸೇಂಟ್ ಲೂಯಿಸ್‌ನಲ್ಲಿ ಸೈನ್ಯಕ್ಕೆ
ನಕ್ಷೆ ಬರೆಯುವವರು ಬೇಕಂತೆ
ಎಂದವಳು ಡಾಟಿ ಬ್ರೆನೆಕ್, ಲಾಂಡ್ರಿಯಲ್ಲಿ,
ಬಿಸಿ ಟವೆಲು ಮಡಚುತ್ತ.
‘ಬೂಟು ಬೇಡ, ಸೆಲ್ಯೂಟು ಬೇಡ,
ಹಲ್ಲಿನ ಖರ್ಚೂ ಅವರದೇ.’
ನನ್ನ ಎಡದವಡೆ ಅಲ್ಲೇ ಒಪ್ಪಿಕೊಂಡಿತು.

ಸಂದರ್ಶನಕ್ಕೆ ಮೂವರು.
ಮೇಜಿನ ಮೇಲೆ ಆಕಾಶದಿಂದ ತೆಗೆದ ಒಂದು ಚಿತ್ರ.
‘ಏನು ಕಾಣುತ್ತದೆ?’
‘ಬೆಳಗಿನ ಹೊತ್ತು, ನೆರಳು ಪಶ್ಚಿಮಕ್ಕೆ ಮಲಗಿದೆ.
ಇದಕ್ಕೆ ಎರಡು ಮಹಡಿ, ಅದಕ್ಕೆ ಒಂದು.
ಇಲ್ಲಿ ನೀರು ನಿಲ್ಲುತ್ತದೆ, ಹುಲ್ಲಿನ ಬಣ್ಣ ನೋಡಿ,
ಯಾರೋ ಮೋರಿ ಹಾಕಲು ಮರೆತಿದ್ದಾರೆ.’
ನಡುವಿನವನು ಪೆನ್ನು ಕೆಳಗಿಟ್ಟ.
ಅವನಿಗೆ ಬೇಕಿದ್ದದ್ದು ಲಾರಿಗಳ ಲೆಕ್ಕವೋ ಏನೋ.

ಆಮೇಲೆ ಬಂತು ಅರ್ಜಿ, ನೂರಕ್ಕೂ ಮೀರಿದ ಪುಟ.
ಹತ್ತು ವರ್ಷ ಎಲ್ಲೆಲ್ಲಿ ಮಲಗಿ ಎದ್ದಿರಿ,
ಒಂದು ತಿಂಗಳೂ ಬಿಡದೆ ಬರೆಯಿರಿ,
ಪ್ರತಿ ವಿಳಾಸಕ್ಕೂ ನಿಮ್ಮನ್ನು ಬಲ್ಲ ಒಬ್ಬ ನೆರೆಯವರು.
ಮೂರನೇ ಸಾಲಿನಲ್ಲಿ ಕೈ ನಿಂತಿತು.
ಹದಿನೇಳು, ಕಾಟನ್‌ವುಡ್ ಬೀದಿ, ಹೇವರ್ಸ್ ಬೆಂಡ್.

ಆ ಬೀದಿ ಇಲ್ಲ.
ನದಿ ಎರಡು ಸಲ ಒಳಗೆ ಬಂದು
ಸೋಫಾದ ಮೇಲೆ ಕೂತು ಹೋದಮೇಲೆ
ಸರ್ಕಾರ ಎಲ್ಲ ಮನೆ ಕೊಂಡು, ಕೆಡವಿ, ಹುಲ್ಲು ಬಿತ್ತಿತು.
ನಕ್ಷೆಯಿಂದ ಹೆಸರು ತೆಗೆಯಿರಿ ಎಂದು
ಒಂದು ಸೋಮವಾರ ಕೌಂಟಿಗೆ ಕಾಗದ ಬಂತು.
ಅಳಿಸಿದವಳು ನಾನೇ,
ಊಟಕ್ಕೆ ಏಳುವ ಮುಂಚೆ.

ತನಿಖೆಗೆ ಬಂದವರು ಹಾಲ್ಡೇನ್ ಪ್ರೂಯಿಟ್,
ನಿವೃತ್ತ ಷೆರಿಫ್, ಮೊಣಕಾಲು ನೋವು.
‘ಈ ವಿಳಾಸ ಎಲ್ಲೂ ಸಿಗುತ್ತಿಲ್ಲವಲ್ಲಮ್ಮ.’
‘ಸಿಗುವುದಿಲ್ಲ.’
‘ನೆರೆಯವರು?’
‘ವರ್ಡೆಲ್ ಕೂನ್ಸ್. ಅರ್ಕನ್ಸಾಕ್ಕೆ ಹೋದಳು.
ಎರಡು ಕ್ರಿಸ್‌ಮಸ್ ಕಾರ್ಡು ಬಂತು. ಆಮೇಲೆ ಇಲ್ಲ.’

ಇನ್ನೇನು ಉಳಿದಿತ್ತು, ಚಕ್ಕುಬಂದಿ ಹೇಳಿದೆ.
ಪೂರ್ವಕ್ಕೆ ನದಿಯ ಒಡ್ಡು.
ಪಶ್ಚಿಮಕ್ಕೆ ಗೂಡ್ಸ್ ರೈಲಿನ ಹಳಿ.
ಉತ್ತರಕ್ಕೆ ವರ್ಡೆಲ್‌ಳ ಮೊಲದ ಗೂಡು, ಅದರಾಚೆ
ಅವಳ ಗಂಡನ ದೋಣಿ, ಅದು ನೀರಿಗಿಳಿದದ್ದಿಲ್ಲ,
ನೀರೇ ಅದರ ಬಳಿಗೆ ಬರುವ ತನಕ.
ದಕ್ಷಿಣಕ್ಕೆ...
ದಕ್ಷಿಣ ನೆನಪಾಗಲಿಲ್ಲ.

ಕಚೇರಿ ಖಾಲಿ ಮಾಡುವ ದಿನ
ಯಾರಿಗೂ ಬೇಡವಾದ ಪೆಟ್ಟಿಗೆಯೊಂದನ್ನು ತಂದಿದ್ದೆ.
ಅದರೊಳಗಿಂದ ಒಂದು ಹಳೆಯ ಹಾಳೆ ಹರಡಿದೆ,
ನೆರೆಗೆ ಮುಂಚಿನ ಏಪ್ರಿಲ್, ವಿಮಾನದಿಂದ ತೆಗೆದದ್ದು.
ಬೂದು ಚೌಕ ಹನ್ನೊಂದು.
ಒಂದರ ಪಕ್ಕ ಒಂದು ಬಿಳಿ ಗೆರೆ.
‘ಇದೇನು?’
‘ಹಗ್ಗ. ಒಗೆದ ಬೆಡ್‌ಶೀಟು. ಅಂದರೆ ನಾನು.’
ಪ್ರೂಯಿಟ್ ಭೂತಗನ್ನಡಿ ಹಿಡಿದು ಬಗ್ಗಿದರು,
ಮೊಣಕಾಲು ಲಟಕ್ಕೆಂದಿತು.
ಬಹಳ ಹೊತ್ತಾದ ಮೇಲೆ, ‘ಸಾಕು.’

ಹತ್ತು ತಿಂಗಳ ನಂತರ ಫೋನು ಹೊರಗೆ ಬೀಗದಲ್ಲಿಟ್ಟು
ಕಿಟಕಿಯಿಲ್ಲದ ಕೋಣೆಗೆ ಬಂದೆ.
ಪರದೆಯ ಮೇಲೆ ಯಾವುದೋ ನದಿ.
ದೇಶ ಯಾವುದಾದರೂ ಇರಲಿ, ಆ ಬಾಗು ನನಗೆ ಗೊತ್ತು.
ಒತ್ತಲು ಮೂರೇ ಗುಂಡಿ:
ವಸತಿ, ಗೋದಾಮು, ತಿಳಿಯದು.

ಈ ನಕ್ಷೆ ದೋಣಿ ಕಳಿಸುವವರಿಗೋ
ಮತ್ತೇನಾದರೂ ಕಳಿಸುವವರಿಗೋ ಎಂದು
ಪಕ್ಕದ ಏಮಸ್ ಟಿಲ್ಲರಿಯನ್ನು ಕೇಳಿದೆ.
ಮೂವತ್ತು ವರ್ಷ ಅದೇ ಕುರ್ಚಿ.
ಸೇಬು ಸುಲಿಯುತ್ತಿದ್ದವನು ಸಿಪ್ಪೆ ತುಂಡಾಗದಂತೆ
ಕೊನೆತನಕ ಸುಲಿದು ಹೇಳಿದ,
‘ಹಾಳೆ ಒಂದೇ.’

ತಗಡಿನ ಸೂರು. ಪುಟ್ಟ ನೆರಳು.
ಎರಡು ಕಂಬದ ನಡುವೆ, ನಾಲ್ಕು ಮೀಟರ್ ಉದ್ದಕ್ಕೆ,
ಒಂದು ಬಿಳಿ ಗೆರೆ.
ಅದಕ್ಕೆ ಪಟ್ಟಿಯಲ್ಲಿ ಸಂಕೇತವಿಲ್ಲ.
ವಸತಿ, ಎಂದು ಒತ್ತಿದೆ.
ಆಮೇಲೆ ಚಿತ್ರವನ್ನು ಚೂರು ಮೇಲಕ್ಕೆ ಸರಿಸಿದೆ,
ದಕ್ಷಿಣಕ್ಕೆ ಏನಿದೆ ನೋಡಲು.